ಲಿಯೋನ್‌ನಲ್ಲಿ ಊಟ: ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ

ಪ್ಯಾರಿಸ್ ನೋಡಲು ಬರುವ ನಮ್ಮವರು ಈಗೀಗ ಫ್ರಾನ್ಸ್‌ನ ಇನ್ನೊಂದು ದೊಡ್ಡ ಊರಾದ ಲಿಯೋನ್‌ಗೂ ಎರಡು ದಿನ ಎತ್ತಿಡುತ್ತಾರೆ. ಪ್ಯಾರಿಸ್‌ನಲ್ಲಿ ತೆಜೆವೆ, ಅಂದರೆ ವೇಗದ ರೈಲು ಹತ್ತಿದರೆ ಎರಡೇ ಗಂಟೆಯ ದಾರಿ. ಓದಲು, ಕೆಲಸಕ್ಕೆ ಅಂತ ಬಂದು ವರ್ಷಗಟ್ಟಲೆ ಉಳಿಯುವವರೂ ಇದ್ದಾರೆ. ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಅಲ್ಲಿ ಊಟ ತುಂಬಾ ಚೆನ್ನಾಗಿರುತ್ತಂತೆ, ಯಾವ ಹೋಟೆಲ್‌ಗೆ ಹೋಗೋಣ?" ಅದರ ಬೆನ್ನಿಗೇ ಇನ್ನೊಂದು: "ನಾವು ಸಸ್ಯಾಹಾರಿಗಳು, ನಮಗೇನಾದರೂ ಸಿಗುತ್ತಾ?" ಎರಡಕ್ಕೂ ಇಲ್ಲೇ ಉತ್ತರ ಬರೆದಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಲಿಯೋನ್‌ನಲ್ಲಿ ಹೋಟೆಲ್ ಹೆಸರಿಗಿಂತ ಹೊತ್ತು ಮುಖ್ಯ. ಮಂಗಳವಾರದಿಂದ ಶುಕ್ರವಾರದೊಳಗೆ, ಮಧ್ಯಾಹ್ನ, ಮೊದಲೇ ಟೇಬಲ್ ಹೇಳಿಟ್ಟು ಹೋದರೆ ಸಾಧಾರಣ ಜಾಗದಲ್ಲೂ ಒಳ್ಳೆಯ ಊಟ ಸಿಗುತ್ತದೆ. ಭಾನುವಾರ ರಾತ್ರಿ ಒಂಬತ್ತೂವರೆಗೆ ಹಸಿದುಕೊಂಡು ಬೀದಿಗಿಳಿದರೆ, ಕೈಯಲ್ಲಿ ಎಷ್ಟೇ ದೊಡ್ಡ ಪಟ್ಟಿ ಇದ್ದರೂ ಪ್ರಯೋಜನವಿಲ್ಲ.

ಈ ಊರಿಗೆ ಊಟದ ಹೆಸರು ಬಂದದ್ದು ಸುಮ್ನೆ ಅಲ್ಲ. ಉತ್ತರಕ್ಕೆ ಬೊಜೊಲೆಯ ದ್ರಾಕ್ಷಿ ತೋಟಗಳು. ಈಶಾನ್ಯಕ್ಕೆ ಬ್ರೆಸ್ ಸೀಮೆಯ ಕೋಳಿ ಮತ್ತು ದೊಂಬ್ ಕೆರೆಗಳ ಮೀನು. ಪೂರ್ವಕ್ಕೆ ಆಲ್ಪ್ಸ್ ಬೆಟ್ಟದ ಹಾಲು, ಚೀಸ್. ದಕ್ಷಿಣಕ್ಕೆ ರೋನ್ ಕಣಿವೆಯ ಹಣ್ಣು, ತರಕಾರಿ. ಇದನ್ನೆಲ್ಲ ಅಡುಗೆಯಾಗಿಸಿ ಊರಿಗೆ ಹೆಸರು ತಂದವರು ಹೆಂಗಸರು. ಅನುಕೂಲಸ್ಥರ ಮನೆಗಳಲ್ಲಿ ಅಡುಗೆಗಿದ್ದವರು ಸ್ವಂತ ಊಟದ ಮನೆ ತೆರೆದರು. ಅವರನ್ನು 'ಮೇರ್', ಅಂದರೆ ಅಮ್ಮ ಅಂತಲೇ ಕರೆಯುತ್ತಿದ್ದರು. ಅವರಲ್ಲೊಬ್ಬರಾದ ಯುಜೆನಿ ಬ್ರಾಜಿಯೆ 1933ರಲ್ಲಿ ತಮ್ಮ ಎರಡೂ ರೆಸ್ಟೋರೆಂಟ್‌ಗಳಿಗೆ ಮಿಶೆಲಿನ್ ಎಂಬ ಊಟದ ಕೈಪಿಡಿಯ ಮೂರು ಮೂರು ಸ್ಟಾರ್, ಅಂದರೆ ಅದರ ಅತಿ ಮೇಲಿನ ದರ್ಜೆ ಪಡೆದರು. ಜಗತ್ತಿಗೆಲ್ಲ ಹೆಸರಾದ ಬಾಣಸಿಗ ಪೋಲ್ ಬೊಕ್ಯೂಸ್ ಈ ಬ್ರಾಜಿಯೆ ಅವರ ಅಡುಗೆಮನೆಯಲ್ಲೇ ಪಳಗಿದವರು.

ಹಂತ 1: ದಿನ ಮತ್ತು ಹೊತ್ತು ಗೊತ್ತು ಮಾಡಿಕೊಳ್ಳಿ

ಮಧ್ಯಾಹ್ನದ ಊಟ 12 ಗಂಟೆಗೆ ಶುರು. 1.30ರೊಳಗೆ ನೀವು ಕುಳಿತಿರಬೇಕು. ಎರಡು ಗಂಟೆಗೆ ಒಲೆ ಆರಿಸುತ್ತಾರೆ. ರಾತ್ರಿ 7.30ರ ಹೊತ್ತಿಗೆ ಮತ್ತೆ ಬಾಗಿಲು ತೆಗೆದು, 9.30ರ ಆಸುಪಾಸಿಗೆ ಕೊನೆಯ ಆರ್ಡರ್ ತೆಗೆದುಕೊಳ್ಳುತ್ತಾರೆ. ನಡುವಿನ ಹೊತ್ತಲ್ಲಿ ಕಾಫಿ ಸಿಗುತ್ತದೆ, ಊಟ ಸಿಗುವುದಿಲ್ಲ. ನಾನು ಬಂದ ಹೊಸತರಲ್ಲಿ 2.05ಕ್ಕೆ ಒಂದು ಕಡೆ ಹೋಗಿ ನಿಂತಿದ್ದೆ. ಅರ್ಧ ಟೇಬಲ್‌ಗಳಲ್ಲಿ ಜನ ಇನ್ನೂ ಉಣ್ಣುತ್ತಿದ್ದರು, ಆದರೂ ಒಳಗೆ ಬಿಡಲಿಲ್ಲ. ಇಲ್ಲಿ ಅದು ಅವಮಾನವಲ್ಲ, ನಿಯಮ.

ಒಳ್ಳೆಯ ಅಡುಗೆಯ ಚಿಕ್ಕ ಜಾಗಗಳು ಭಾನುವಾರ, ಸೋಮವಾರ ಮುಚ್ಚಿರುವುದು ಜಾಸ್ತಿ. ಕೆಲವು ಶನಿವಾರವೂ ಇಲ್ಲ. ಆಗಸ್ಟ್‌ನಲ್ಲಿ ಎರಡು ಮೂರು ವಾರ ರಜೆ ಹಾಕುತ್ತಾರೆ. ಡಿಸೆಂಬರ್ 8ರ ಸುತ್ತಮುತ್ತ 'ಫೆತ್ ದೆ ಲ್ಯುಮಿಯೇರ್' ಎಂಬ ದೀಪೋತ್ಸವ ನಡೆಯುತ್ತದೆ. ಆಗ ಊರು ತುಂಬಿ ತುಳುಕುತ್ತದೆ, ವಾರಗಳ ಮುಂಚೆಯೇ ಟೇಬಲ್ ಹೇಳಿಡಬೇಕು. ಉಳಿದ ದಿನಗಳಲ್ಲಿ ಮಧ್ಯಾಹ್ನಕ್ಕೆ ಒಂದೆರಡು ದಿನ ಮುಂಚೆ ಫೋನ್ ಮಾಡಿದರೆ ಸಾಕಾಗುತ್ತದೆ. ಶುಕ್ರವಾರ, ಶನಿವಾರದ ರಾತ್ರಿಗಾದರೆ ಒಂದು ವಾರ ಮುಂಚೆ.

ಹಂತ 2: ನಾಲ್ಕು ಮಾತು ಕಲಿತಿರಿ

ನಾವು ಊಟದ ಜಾಗಕ್ಕೆ ಹೋಟೆಲ್ ಅನ್ನುತ್ತೇವೆ. ಅಲ್ಲಿ 'ಓತೆಲ್' ಅಂದರೆ ಉಳಿದುಕೊಳ್ಳುವ ಜಾಗ. ಮೆಟ್ರೋದಲ್ಲಿ 'ಓತೆಲ್ ದ ವಿಲ್' ಅಂತ ಕಂಡರೆ ಅದು ನಗರಸಭೆಯ ಕಟ್ಟಡ. ಊಟಕ್ಕೆ 'ರೆಸ್ತೊರಾಂ' ಅಂತಲೇ ಕೇಳಿ.

'ಮೆನ್ಯು' ಅಂದರೆ ತಿಂಡಿಪಟ್ಟಿ ಅಲ್ಲ. ಒಂದೇ ಬೆಲೆಗೆ ಎರಡು ಮೂರು ಬಗೆ ಸೇರಿಸಿ ಕೊಡುವ ಊಟ, ಹೆಚ್ಚುಕಡಿಮೆ ನಮ್ಮ 'ಮೀಲ್ಸ್' ಇದ್ದ ಹಾಗೆ. ಪಟ್ಟಿಗೆ 'ಕಾರ್ತ್' ಅನ್ನುತ್ತಾರೆ. 'ಆಂತ್ರೆ' ಮೊದಲ ತಟ್ಟೆ, 'ಪ್ಲಾ' ಮುಖ್ಯ ಊಟ, 'ದೆಸೇರ್' ಸಿಹಿ. 'ಫೊರ್ಮ್ಯುಲ್' ಅಂದರೆ ಇವುಗಳಲ್ಲಿ ಎರಡು. 'ಪ್ಲಾ ದ್ಯು ಜೂರ್' ಅಂದರೆ ಅವತ್ತಿನ ಅಡುಗೆ, ಬಾಗಿಲ ಬಳಿಯ ಕರಿಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುತ್ತಾರೆ. ವಾರದ ದಿನ ಮಧ್ಯಾಹ್ನ ಅದು ಸುಮಾರು 15 ಯೂರೋ ಆಸುಪಾಸು. ಅದೇ ಅಡುಗೆಮನೆಯಲ್ಲಿ ರಾತ್ರಿಯ ಪೂರ್ತಿ ಊಟಕ್ಕೆ 30 ಯೂರೋ ದಾಟುವುದು ಸಾಮಾನ್ಯ. ಹಾಗಾಗಿಯೇ ನಾನು ಮಧ್ಯಾಹ್ನದ ಪರ.

ಒಳಗೆ ಕಾಲಿಟ್ಟ ಕೂಡಲೇ 'ಬೊಂಜೂರ್' ಅನ್ನಿ. ಸಂಜೆಯಾದರೆ 'ಬೊಂಸ್ವಾರ್'. ಇದನ್ನು ಬಿಟ್ಟು ನೇರವಾಗಿ "ಟೇಬಲ್ ಇದೆಯಾ" ಅಂದರೆ ಎದುರಿನವರ ಮುಖ ಗಂಟಾಗುತ್ತದೆ. ನೀರಿಗೆ 'ಯುನ್ ಕರಾಫ್ ದೊ, ಸಿಲ್ ವು ಪ್ಲೆ' ಅನ್ನಿ. ಹೂಜಿಯಲ್ಲಿ ನಲ್ಲಿ ನೀರು ತಂದಿಡುತ್ತಾರೆ. ಊಟದ ಜೊತೆ ಇದನ್ನು ಬಿಟ್ಟಿಯಾಗಿ ಕೊಡಲೇಬೇಕು ಅಂತ ಕಾನೂನಿದೆ. ಬರೀ 'ನೀರು' ಅಂದರೆ ಬಾಟಲಿ ಬಂದು ಐದಾರು ಯೂರೋ ಬಿಲ್ಲಿಗೆ ಸೇರಬಹುದು. ಬ್ರೆಡ್ಡಿಗೂ ದುಡ್ಡಿಲ್ಲ. ಖಾಲಿಯಾದರೆ ಕೇಳಿ, ಮತ್ತೆ ತರುತ್ತಾರೆ. ತೆರಿಗೆ, ಸೇವೆಯ ದುಡ್ಡು ಎಲ್ಲ ಪಟ್ಟಿಯ ಬೆಲೆಯಲ್ಲೇ ಇದೆ. ಟಿಪ್ಸ್ ಕಡ್ಡಾಯವಲ್ಲ. ಊಟ ಖುಷಿಯಾದರೆ ಒಂದೆರಡು ಯೂರೋ ಬಿಟ್ಟು ಬನ್ನಿ. ಬಿಲ್ಲನ್ನು ಅವರಾಗಿ ತರುವುದಿಲ್ಲ, 'ಲಾದಿಸ್ಯೊಂ' ಅಂತ ಕೇಳಬೇಕು.

ಹಂತ 3: ಬೂಶೊಂ ಆರಿಸಿಕೊಳ್ಳಿ

ಲಿಯೋನ್‌ಗೆ ಬಂದು ಬೂಶೊಂನಲ್ಲಿ ಉಣ್ಣದೆ ಹೋಗಬೇಡಿ. ಸಸ್ಯಾಹಾರಿಗಳು ಹಂತ 4 ಓದಿ ಆಮೇಲೆ ನಿರ್ಧರಿಸಿ. ಬೂಶೊಂ ಅಂದರೆ ಚಿಕ್ಕ ಊಟದ ಮನೆ. ಒತ್ತೊತ್ತಾಗಿ ಟೇಬಲ್, ಅದರ ಮೇಲೆ ಚೌಕುಳಿ ಬಟ್ಟೆ, ಪಕ್ಕದವರ ಮೊಣಕೈ ನಿಮಗೆ ತಾಗುತ್ತಿರುತ್ತದೆ. ಇಲ್ಲಿನ ಊಟ ರೇಷ್ಮೆ ನೇಕಾರರ ಕಾಲದ್ದು. ಆ ನೇಕಾರರಿಗೆ 'ಕನ್ಯು' ಅಂತ ಹೆಸರು. ಕ್ರ್ವಾ ರೂಸ್ ಗುಡ್ಡದ ಮೇಲೆ ಎತ್ತರದ ಸೂರಿನ ಮನೆಗಳಲ್ಲಿ ಮಗ್ಗ ಹಾಕಿಕೊಂಡಿದ್ದರು. ನಮ್ಮ ಕಡೆ ಸೀರೆ ಮಗ್ಗದ ಮೇಲೆ ಕೂರಿಸುವ ಜಕಾರ್ಡ್ ಇದೆಯಲ್ಲ, ಅದು ಈ ಊರಿನ ಜಾಕಾರ್ ಎಂಬುವರ ಹೆಸರಿನದ್ದು. ನಸುಕಿಗೇ ಮಗ್ಗಕ್ಕೆ ಕೂರುತ್ತಿದ್ದ ನೇಕಾರರು ಬೆಳಿಗ್ಗೆ ಒಂಬತ್ತಕ್ಕೆಲ್ಲ ಮಾಂಸ, ಚೀಸ್, ವೈನ್ ಸಮೇತ ಗಟ್ಟಿ ಊಟ ಹೊಡೆಯುತ್ತಿದ್ದರು. ಅದಕ್ಕೆ 'ಮಾಶೊಂ' ಅನ್ನುತ್ತಾರೆ. ಕೆಲವು ಬೂಶೊಂಗಳಲ್ಲಿ ಇವತ್ತಿಗೂ ಮೊದಲೇ ಹೇಳಿದರೆ ಮಾಶೊಂ ಮಾಡಿ ಬಡಿಸುತ್ತಾರೆ.

ಅಸಲಿಯನ್ನು ಗುರುತಿಸುವುದು ಹೇಗೆ? ಬೋರ್ಡಿನ ಮೇಲಿನ 'ಬೂಶೊಂ' ಎಂಬ ಪದವನ್ನು ನಂಬಬೇಡಿ, ಯಾರು ಬೇಕಾದರೂ ಬರೆಸಿಕೊಳ್ಳಬಹುದು. 2012ರಿಂದ 'ಲೆ ಬೂಶೊಂ ಲಿಯೊನೆ' ಎಂಬ ಗುರುತನ್ನು ಕೊಡುತ್ತಿದ್ದಾರೆ. ಬಾಗಿಲ ಬಳಿ ಅದಿದೆಯೇ ನೋಡಿ. ಇನ್ನೊಂದು ಗುರುತು 'ಫೆ ಮೆಜೊಂ': ಪಾತ್ರೆಯ ಮೇಲೆ ಮನೆಯ ಸೂರು ಇಟ್ಟಂಥ ಚಿತ್ರ. ಕಚ್ಚಾ ಪದಾರ್ಥದಿಂದ ಅಲ್ಲೇ ಮಾಡಿದ ಅಡುಗೆ ಅಂತ ಅರ್ಥ. ಹಳೆಯ ಹೆಸರುಗಳು ಬೇಕಿದ್ದರೆ ಕಫೆ ದೆ ಫೆದೆರಾಸ್ಯೊಂ, ಲ ಗಾರೆ, ಶೆ ಯುಗೊಂ, ಲ ಮ್ಯುಜೆ, ದಾನಿಯೆಲ್ ಎ ದೆನೀಜ್. ಇವುಗಳಲ್ಲಿ ಮೊದಲ ನಾಲ್ಕು ಪ್ರೆಸ್ಕಿಲ್‌ನಲ್ಲಿ, ಅಂದರೆ ರೋನ್ ಮತ್ತು ಸೋನ್ ನದಿಗಳ ನಡುವಿನ ನಾಲಿಗೆಯಂಥ ನೆಲದಲ್ಲಿ, ಒಂದಕ್ಕೊಂದು ನಡೆದು ಹೋಗುವಷ್ಟು ಹತ್ತಿರ ಇವೆ. ತೆರೆದಿರುವ ದಿನ ಬದಲಾಗುತ್ತಿರುತ್ತದೆ, ಫೋನ್ ಮಾಡಿಯೇ ಹೊರಡಿ.

ಎಡವುವುದು ಇಲ್ಲೇ. ಹಳೇ ಲಿಯೋನ್‌ನ ಸೇಂಟ್ ಝಾಂ ಬೀದಿ, ಪ್ರೆಸ್ಕಿಲ್‌ನ ಮೆರ್ಸಿಯೇರ್ ಬೀದಿ ಎರಡೂ ನೋಡಲು ಬಲು ಚೆಂದ. ಸಾಲುಸಾಲು ಟೇಬಲ್, ದೀಪ, ಜನ. ಅಲ್ಲಿ ಒಳ್ಳೆಯ ಜಾಗ ಇಲ್ಲವೇ ಇಲ್ಲ ಅಂತಲ್ಲ. ಆದರೆ ಆರು ಭಾಷೆಯಲ್ಲಿ ಫೋಟೋ ಸಮೇತ ಪಟ್ಟಿ ಹಾಕಿ, ಬಾಗಿಲಲ್ಲಿ ನಿಂತು ಕೈಬೀಸಿ ಕರೆಯುವವರನ್ನು ದಾಟಿ ಮುಂದೆ ಹೋಗಿ. ಪಟ್ಟಿ ಚಿಕ್ಕದಿದ್ದಷ್ಟೂ ಒಳ್ಳೆಯದು. ಐದಾರು ಬಗೆಯ ಮುಖ್ಯ ಊಟ ಇರುವ ಜಾಗ, ಮೂವತ್ತು ಬಗೆ ಇರುವ ಜಾಗಕ್ಕಿಂತ ನಂಬಿಕೆಗೆ ಯೋಗ್ಯ.

ಏನು ಹೇಳಬೇಕು? ಮೀನು ತಿನ್ನುವವರಿಗೆ ನನ್ನ ಮೊದಲ ಸಲಹೆ 'ಕ್ನೆಲ್ ದ ಬ್ರೊಶೆ'. ಬ್ರೊಶೆ ಎಂಬ ಸಿಹಿನೀರಿನ ಮೀನನ್ನು ನುಣ್ಣಗೆ ಅರೆದು, ಮೊಟ್ಟೆ, ಬೆಣ್ಣೆ, ಹಿಟ್ಟಿನ ಜೊತೆ ಕಲಸಿ ಉದ್ದನೆಯ ಕಡುಬಿನ ಹಾಗೆ ಮಾಡಿ, ಸಿಗಡಿ ಜಾತಿಯ ಸಾಸ್‌ನಲ್ಲಿ ಬೇಯಿಸುತ್ತಾರೆ. ಒಲೆಯಿಂದ ಬಂದಾಗ ಉಬ್ಬಿಕೊಂಡು, ಮೇಲೆ ಕಂದು ಕೆನೆಗಟ್ಟಿ, ಅಂಚಿನಲ್ಲಿ ಸಾಸ್ ಇನ್ನೂ ಕೊತಕೊತ ಅನ್ನುತ್ತಿರುತ್ತದೆ. ಚಮಚ ಒತ್ತಿದರೆ ಇಡ್ಲಿಯಷ್ಟು ಮೆತ್ತಗೆ ಒಳಗಿಳಿಯುತ್ತದೆ. ಎರಡು ನಿಮಿಷ ಬಿಟ್ಟು ತಿನ್ನಿ, ಒಳಗಿನ ಬಿಸಿ ನಾಲಿಗೆ ಸುಡುತ್ತದೆ. ಕೋಳಿ ತಿನ್ನುವವರು ಕೆನೆ ಹಾಕಿದ ಬ್ರೆಸ್ ಕೋಳಿ ಇದ್ದರೆ ಬಿಡಬೇಡಿ. ಬಿಳಿ ಗರಿ, ನೀಲಿ ಕಾಲು, ಕೆಂಪು ಜುಟ್ಟಿನ ಈ ತಳಿಗೆ 1957ರಿಂದ ಮೂಲಸ್ಥಾನದ ರಕ್ಷಣೆ ಇದೆ, ಬೇರೆ ಕಡೆ ಸಾಕಿದ್ದಕ್ಕೆ ಆ ಹೆಸರು ಇಡುವಂತಿಲ್ಲ.

ಉಳಿದದ್ದು ಬಹುಪಾಲು ಹಂದಿ ಮತ್ತು ಕರುಳು-ಬೋಟಿಯ ಅಡುಗೆ. 'ಆಂದುಯೆತ್' ಅಂದರೆ ಕರುಳಿನ ಸಾಸೇಜ್, ವಾಸನೆ ಜೋರು. 'ತಬ್ಲಿಯೆ ದ ಸಾಪರ್' ಅಂದರೆ ಬ್ರೆಡ್ ಪುಡಿ ಹಚ್ಚಿ ಕರಿದ ದನದ ಬೋಟಿ. ಬೋಟಿ ಇಷ್ಟಪಡುವವರಿಗೆ ಹಬ್ಬ. ಅಭ್ಯಾಸ ಇಲ್ಲದವರು ಹೆಸರು ಚೆನ್ನಾಗಿದೆ ಅಂತ ಹೇಳಿಬಿಡಬೇಡಿ. ಹಂದಿ, ದನ ಬೇಡದವರು ಈ ಪದಗಳನ್ನು ಗುರುತಿಟ್ಟುಕೊಳ್ಳಿ: ಪೋರ್, ಲಾರ್ದೊಂ, ಜಾಂಬೊಂ, ಸೊಸಿಸೊಂ ಇವೆಲ್ಲ ಹಂದಿ. ಬಫ್ ದನ, ವೊ ಕರು.

ಹಂತ 4: ಸಸ್ಯಾಹಾರಿಗಳು ಇದನ್ನು ಎರಡು ಸಲ ಓದಿ

ಟೇಬಲ್ ಹೇಳುವಾಗಲೇ ತಿಳಿಸಿ. ಹೋಗಿ ಕುಳಿತ ಮೇಲೆ ಹೇಳಿದರೆ ಒಂದು ಸಾಲಡ್ ತಂದಿಟ್ಟು ಕೈತೊಳೆದುಕೊಳ್ಳುತ್ತಾರೆ. ಹಿಂದಿನ ದಿನವೇ ತಿಳಿಸಿದರೆ ಅನೇಕರು ಪ್ರೀತಿಯಿಂದ ಏನಾದರೂ ಮಾಡಿಕೊಡುತ್ತಾರೆ. ಗಂಡಸರು 'ಜ ಸ್ವಿ ವೆಜೆತಾರಿಯಾಂ', ಹೆಂಗಸರು 'ಜ ಸ್ವಿ ವೆಜೆತಾರಿಯೆನ್' ಅನ್ನಬೇಕು. ಅಷ್ಟಕ್ಕೇ ನಿಲ್ಲಿಸಬೇಡಿ. 'ಸಾಂ ವ್ಯಾಂದ್, ಸಾಂ ಪ್ವಾಸೊಂ, ಸಾಂ ಬುಯೊಂ ದ ವ್ಯಾಂದ್' ಅಂತ ಸೇರಿಸಿ. ಮಾಂಸ ಬೇಡ, ಮೀನು ಬೇಡ, ಮಾಂಸ ಬೇಯಿಸಿದ ರಸವೂ ಬೇಡ ಅಂತ. ಮೊಟ್ಟೆ ತಿನ್ನದವರು 'ಸಾಂಜ್ ಅಫ್' ಅನ್ನಿ.

ನಮ್ಮವರು ಮತ್ತೆ ಮತ್ತೆ ಸಿಕ್ಕಿಬೀಳುವ ಜಾಗಗಳು ಇವು. 'ಸಲಾದ್ ಲಿಯೊನೇಜ್' ಸೊಪ್ಪಿನ ಸಾಲಡ್ ಹೌದು, ಆದರೆ ಅದರಲ್ಲಿ ಹಂದಿಯ ಚೂರು, ಅರೆಬೆಂದ ಮೊಟ್ಟೆ ಇರುತ್ತದೆ. 'ಸಾಂ ಲಾರ್ದೊಂ' ಅಂದರೆ ಚೂರು ಬಿಟ್ಟು ಕೊಡುತ್ತಾರೆ. ಈರುಳ್ಳಿ ಸೂಪಿಗೆ ಹೆಚ್ಚಾಗಿ ಮಾಂಸದ ರಸವನ್ನೇ ಹಾಕುತ್ತಾರೆ. ಚಳಿಗಾಲದಲ್ಲಿ 'ಕಾರ್ದೊಂ' ಎಂಬ ದಂಟಿನ ತರಕಾರಿ ಬರುತ್ತದೆ. ಲಿಯೋನ್ ಶೈಲಿಯಲ್ಲಿ ಅದನ್ನು ಮೂಳೆಯೊಳಗಿನ ಮಜ್ಜೆ ಹಾಕಿ ಬೇಯಿಸುತ್ತಾರೆ. ಪಟ್ಟಿಯಲ್ಲಿ 'ಆ ಲಾ ಮ್ವಾಲ್' ಅಂತಿದ್ದರೆ ಅದೇ. ಕುಳಿತ ಕೂಡಲೇ ಕೇಳದೆಯೇ ಒಂದು ಬಟ್ಟಲು ಗರಿಗರಿ ತಂದಿಡಬಹುದು. ನೋಡಲು ನಮ್ಮ ಕರಿದ ತಿಂಡಿಯ ಹಾಗೆ ಇರುತ್ತದೆ. ಅದು 'ಗ್ರಾತೊಂ', ಕೊಬ್ಬಿನಲ್ಲಿ ಕರಿದ ಹಂದಿ ಚೂರು. ಸಿಹಿಯಲ್ಲಿ ಮೂಸ್, ಬವರ್ವಾ ತರದವಕ್ಕೆ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್ ಬೀಳಬಹುದು, ಕೇಳಿ ತಿನ್ನಿ.

ಹಾಗಾದರೆ ತಿನ್ನುವುದೇನು? ಹೆಸರು ಕೇಳಿ ಬೆಚ್ಚಿ ಎಲ್ಲರೂ ಬಿಟ್ಟುಬಿಡುವ ಒಂದು ಪದಾರ್ಥ ಇದೆ: 'ಸೆರ್ವೆಲ್ ದ ಕನ್ಯು'. ಪದಶಃ ಅರ್ಥ ನೇಕಾರನ ಮಿದುಳು. ಆದರೆ ಮಿದುಳಿಗೂ ಅದಕ್ಕೂ ಸಂಬಂಧವಿಲ್ಲ. ಫ್ರೊಮಾಜ್ ಬ್ಲಾಂ ಅಂತ ನೀರು ಬಸಿದ ಗಟ್ಟಿ ಮೊಸರಿನಂಥದ್ದು ಸಿಗುತ್ತದೆ. ಅದಕ್ಕೆ ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಈರುಳ್ಳಿ ಹೂವಿನ ಎಳೆಯಂಥ ಹಸಿರು ಸೊಪ್ಪು ಹೆಚ್ಚಿ ಹಾಕಿ, ಆಲಿವ್ ಎಣ್ಣೆ, ಸ್ವಲ್ಪ ವಿನೆಗರ್, ಮೆಣಸು, ಉಪ್ಪು ಬೆರೆಸುತ್ತಾರೆ. ತಣ್ಣಗೆ ಒಂದು ಬಟ್ಟಲಲ್ಲಿ ಬರುತ್ತದೆ. ಬಿಸಿ ಆಲೂಗೆಡ್ಡೆ ಜೊತೆಗೋ ಬ್ರೆಡ್ ಮೇಲೋ ಹಚ್ಚಿಕೊಂಡು ತಿಂದರೆ ಮನೆಯ ಮೊಸರುಬಜ್ಜಿ ನೆನಪಾಗುತ್ತದೆ, ಅಲ್ವಾ ಅಂತ ನೀವೇ ಅನ್ನುತ್ತೀರಿ. ಇದರ ಜೊತೆ 'ಗ್ರಾತ್ಯಾಂ ದೊಫಿನ್ವಾ' ಹೇಳಿ. ಆಲೂಗೆಡ್ಡೆ ಬಿಲ್ಲೆಗಳನ್ನು ಹಾಲು, ಕೆನೆಯಲ್ಲಿ ನಿಧಾನಕ್ಕೆ ಬೇಯಿಸಿದ್ದು. ಒಲೆಯಲ್ಲಿ ಬಿಸಿ ಮಾಡಿದ ಸೇಂಟ್ ಮಾರ್ಸೆಲ್ಯಾಂ ಚೀಸ್ ಇದ್ದರೆ ಅದೂ ಇರಲಿ. ಮೂರೂ ಸೇರಿದರೆ ಹೊಟ್ಟೆ ತುಂಬುವ ಊಟ.

ಕಟ್ಟುನಿಟ್ಟಿನವರಿಗೆ ಒಂದು ಎಚ್ಚರಿಕೆ. ಇಲ್ಲಿನ ಸಾಂಪ್ರದಾಯಿಕ ಚೀಸ್‌ಗಳಲ್ಲಿ ಬಹುಪಾಲಿಗೆ ಹೆಪ್ಪು ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದ 'ಪ್ರೆಸ್ಯೂರ್'ನಿಂದ. ಫ್ರೊಮಾಜ್ ಬ್ಲಾಂಗೂ ಅದನ್ನು ಹಾಕುವುದುಂಟು. ಅದು ಆಗದಿದ್ದರೆ ಅಂಗಡಿಯ ಸಾದಾ ಮೊಸರು, 'ಯಾಊರ್ತ್ ನಾತ್ಯೂರ್' ಕೊಳ್ಳಿ, ಪೊಟ್ಟಣದ ಮೇಲಿನ ಪದಾರ್ಥಗಳ ಪಟ್ಟಿ ನೋಡಿಕೊಳ್ಳಿ.

ಬೂಶೊಂ ಬೇಡ ಅನಿಸಿದರೆ ಕ್ರೆಪರಿಗೆ, ಅಂದರೆ ದೋಸೆಯಂಥದ್ದು ಹುಯ್ದು ಕೊಡುವ ಜಾಗಕ್ಕೆ ಹೋಗಿ. ಇದು ಲಿಯೋನ್‌ನ ಅಡುಗೆಯಲ್ಲ, ಬ್ರಿಟನಿ ಸೀಮೆಯದ್ದು. ಆದರೆ ಸಾರಾಜಿನ್ ಎಂಬ ಕಪ್ಪು ಹಿಟ್ಟಿನ 'ಗಲೆತ್' ಕಾವಲಿಯ ಮೇಲೆ ದೋಸೆಯ ಹಾಗೆಯೇ ತಯಾರಾಗುತ್ತದೆ. ಚೀಸ್, ಅಣಬೆ, ಪಾಲಕ್ ಹಾಕಿಸಿಕೊಳ್ಳಬಹುದು. 'ಕೊಂಪ್ಲೆತ್' ಮಾತ್ರ ಹೇಳಬೇಡಿ, ಅದರಲ್ಲಿ ಹಂದಿ ಮಾಂಸ ಇರುತ್ತದೆ.

ಹಂತ 5: ಒಂದು ಬೆಳಿಗ್ಗೆ ಮಾರುಕಟ್ಟೆಗೆ ಇಡಿ

ನನ್ನನ್ನು ಕೇಳಿದರೆ ಲಿಯೋನ್‌ನ ನಿಜವಾದ ರುಚಿ ಸಿಗುವುದು ಇಲ್ಲಿ. ಸಸ್ಯಾಹಾರಿಗಳಿಗಂತೂ ರೆಸ್ಟೋರೆಂಟ್‌ಗಿಂತ ಇದೇ ಮೇಲು.

ಪಾರ್ ದಿಯೂ ರೈಲು ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ 'ಲೆ ಆಲ್ ದ ಲಿಯೋನ್ ಪೋಲ್ ಬೊಕ್ಯೂಸ್' ಸಿಗುತ್ತದೆ. ಸೂರಿನಡಿಯ ದೊಡ್ಡ ಮಾರುಕಟ್ಟೆ. 1971ರಿಂದ ಈ ಜಾಗದಲ್ಲಿದೆ. ಭಾನುವಾರ ಮಧ್ಯಾಹ್ನಕ್ಕೆ ಮುಚ್ಚುತ್ತದೆ, ಸೋಮವಾರ ಬಹಳಷ್ಟು ಅಂಗಡಿ ತೆಗೆಯುವುದಿಲ್ಲ. ಇಲ್ಲಿ ಬೆಲೆ ಜಾಸ್ತಿ, ಅದನ್ನು ತಿಳಿದೇ ಹೋಗಿ. ಎಲ್ಲ ಕೊಳ್ಳಲು ಹೋಗದೆ ಮೇರ್ ರಿಶಾರ್ ಅಂಗಡಿಯಲ್ಲಿ ಸೇಂಟ್ ಮಾರ್ಸೆಲ್ಯಾಂ ಒಂದನ್ನು ಕೊಳ್ಳಿ. ಅಂಗೈಗಿಂತ ಚಿಕ್ಕ ಬಿಲ್ಲೆ. ಮೇಲೆ ತೆಳ್ಳನೆ ಸುಕ್ಕುಗಟ್ಟಿದ ತೊಗಲು, ಒಳಗೆ ಕೆನೆಯಂತೆ ಹರಿಯುವ ತಿರುಳು. ಚೀಸ್ ಅಂಗಡಿಯವರು ಕೇಳುವ ಮೊದಲ ಮಾತು "ಯಾವತ್ತು ತಿನ್ನುತ್ತೀರಿ?" ಇವತ್ತು ಸಂಜೆ ಅಂದರೆ ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ ಹಣ್ಣಾದದ್ದನ್ನು ತೆಗೆಯುತ್ತಾರೆ. ಎರಡು ದಿನ ಬಿಟ್ಟು ಅಂದರೆ ಗಟ್ಟಿಯಾದದ್ದು. ನಮ್ಮಲ್ಲಿ ಮಾವಿನಹಣ್ಣು ಆರಿಸಿಕೊಡುವವರು ಇದೇ ಪ್ರಶ್ನೆ ಕೇಳುತ್ತಾರೆ. ನೀವು ಮಾತ್ರ ಕೈಹಾಕಿ ಒತ್ತಬೇಡಿ. ಹಣ್ಣು, ತರಕಾರಿಯನ್ನೂ ಅಷ್ಟೆ, ಅವರೇ ಆರಿಸಿ ಕೊಡಲಿ.

ಕಡಿಮೆ ಬೆಲೆಗೆ, ತಾಜಾ ಬೇಕಾದರೆ ಬಯಲು ಮಾರುಕಟ್ಟೆ. ಒಂದು ಸೋನ್ ನದಿಯ ದಂಡೆಯ ಸೇಂಟ್ ಆಂತ್ವಾನ್, ಇನ್ನೊಂದು ಕ್ರ್ವಾ ರೂಸ್ ಗುಡ್ಡದ ಮೇಲಿನ ದೊಡ್ಡ ಬೀದಿಯಲ್ಲಿ. ಎರಡೂ ಸೋಮವಾರ ಬಿಟ್ಟು ಮಿಕ್ಕ ದಿನ ಬೆಳಿಗ್ಗೆ ನಡೆಯುತ್ತವೆ. ಬೇಸಿಗೆಯಲ್ಲಿ ದಕ್ಷಿಣದ ಏಪ್ರಿಕಾಟ್, ಪೀಚ್. ಶರತ್ಕಾಲದಲ್ಲಿ ಗ್ರೆನೋಬ್ಲ್ ಕಡೆಯ ಅಕ್ರೋಟು, ಕುಂಬಳ, ಅಣಬೆ. ಚಿಲ್ಲರೆ ದುಡ್ಡು ಇಟ್ಟುಕೊಂಡಿರಿ. ಬ್ರೆಡ್, ಚೀಸ್, ಹಣ್ಣು ಕಟ್ಟಿಸಿಕೊಂಡು ಕ್ರ್ವಾ ರೂಸ್ ಬೀದಿಯ ಪೂರ್ವದ ತುದಿಗೆ ನಡೆಯಿರಿ. 'ಗ್ರೊ ಕಾಯು' ಎಂಬ ದೊಡ್ಡ ಬಂಡೆ ಇದೆ. ಅಲ್ಲಿ ಕುಳಿತು ಊಟ ಮಾಡಿ. ಆಕಾಶ ತಿಳಿಯಾಗಿದ್ದರೆ ದೂರದಲ್ಲಿ ಆಲ್ಪ್ಸ್ ಕಾಣುತ್ತದೆ. ಗುಡ್ಡ ಹತ್ತಲು ಕಷ್ಟವಾದವರಿಗೆ ಮೆಟ್ರೋ ಸಿ ಲೈನ್ ಇದೆ.

ಹಂತ 6: ಭಾನುವಾರ, ಸೋಮವಾರ, ತಡರಾತ್ರಿ

ಬೇರೆ ದಾರಿ ಇಲ್ಲದಾಗ ಬ್ರಾಸರಿ ನೆನಪಿಡಿ. ಬ್ರಾಸರಿ ಅಂದರೆ ದೊಡ್ಡ ಹಜಾರದ ಊಟದ ಜಾಗ, ವಾರವಿಡೀ ತೆರೆದಿರುತ್ತದೆ. ಪೆರಾಶ್ ನಿಲ್ದಾಣದ ಪಕ್ಕದ ಬ್ರಾಸರಿ ಜಾರ್ಜ್ 1836ರದ್ದು. ಕಂಬವಿಲ್ಲದ ಭಾರಿ ಹಜಾರ, ನೂರಾರು ಜನ ಒಟ್ಟಿಗೆ ಉಣ್ಣುತ್ತಾರೆ. ಮಕ್ಕಳಿದ್ದರೂ ಮುಜುಗರವಿಲ್ಲ.

ಅನ್ನ ಬೇಕೇ ಬೇಕು ಅನಿಸಿದ ದಿನ ಮೆಟ್ರೋ ಡಿ ಲೈನ್‌ನಲ್ಲಿ ಗಿಯೋತಿಯೇರ್‌ನಲ್ಲಿ ಇಳಿಯಿರಿ. ವಿಯೆಟ್ನಾಂ, ಚೀನಾ, ಅರಬ್, ಆಫ್ರಿಕಾ, ನಮ್ಮ ಕಡೆಯ ಅಂಗಡಿಗಳೆಲ್ಲ ಅಕ್ಕಪಕ್ಕದಲ್ಲೇ ಇವೆ. ಹಲಾಲ್ ಬೇಕಾದವರಿಗೂ ಇದೇ ಸುಲಭ. ವಿಯೆಟ್ನಾಂ ಅಡುಗೆಯಲ್ಲಿ ತರಕಾರಿಗೂ ಮೀನಿನ ಸಾಸ್ ಹಾಕುತ್ತಾರೆ, ಸಸ್ಯಾಹಾರಿಗಳು ಕೇಳಿಯೇ ತಿನ್ನಿ.

ಹಂತ 7: ಸಿಹಿ, ಮತ್ತು ಊರಿಗೆ ಒಯ್ಯುವುದು

ಯಾವ ಬೇಕರಿಯ ಗಾಜಿನ ಹಿಂದೆ ನೋಡಿದರೂ ಕಣ್ಣು ಕುಕ್ಕುವ ಗುಲಾಬಿ ಬಣ್ಣದ್ದೊಂದು ಇರುತ್ತದೆ. ಅದು 'ತಾರ್ತ್ ಓ ಪ್ರಾಲಿನ್'. ಬಣ್ಣದ ಸಕ್ಕರೆ ಪಾಕದಲ್ಲಿ ಹೊರಳಿಸಿದ ಬಾದಾಮಿಯನ್ನು ಜಜ್ಜಿ, ಕೆನೆಯಲ್ಲಿ ಕಾಯಿಸಿ, ಹಿಟ್ಟಿನ ತಟ್ಟೆಯೊಳಗೆ ಸುರಿದಿರುತ್ತಾರೆ. ತುಂಬಾ ಸಿಹಿ. ಒಂದು ತುಂಡು ಇಬ್ಬರಿಗೆ ಸಾಕು. ಫೆಬ್ರವರಿ ಹೊತ್ತಿಗೆ ಬಂದವರು 'ಬ್ಯೂಞ್' ಕೇಳಿ. ಮೊಟ್ಟೆ ಹಾಕಿದ ಹಿಟ್ಟನ್ನು ಲಟ್ಟಿಸಿ, ಕತ್ತರಿಸಿ, ಕರಿದು, ಮೇಲೆ ಸಕ್ಕರೆ ಪುಡಿ ಉದುರಿಸಿದ್ದು. ಶಂಕರಪೋಳಿಯ ತೆಳು ತಂಗಿ ಅನ್ನಬಹುದು. ಹಸಿರು ದಿಂಬಿನ ಆಕಾರದ 'ಕೂಸ್ಯಾಂ ದ ಲಿಯೋನ್' ಉಡುಗೊರೆಗೆ ಚೆನ್ನ, ಆದರೆ ಒಳಗಿನ ಚಾಕಲೇಟಿಗೆ ಕ್ಯುರಾಸಾವ್ ಎಂಬ ಮದ್ಯ ಸೇರಿಸುತ್ತಾರೆ. ಕುಡಿಯದವರ ಮನೆಗೆ ಒಯ್ಯುವ ಮುಂಚೆ ಯೋಚಿಸಿ.

ಚೀಸ್ ಒಯ್ಯುವುದಾದರೆ 'ಸೂ ವಿದ್' ಅನ್ನಿ. ಗಾಳಿ ತೆಗೆದು ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಕಟ್ಟಿಕೊಡುತ್ತಾರೆ. ಬೆಂಗಳೂರಿನವರೆಗೆ ಹೋಗಬೇಕಾದರೆ ಕೊಂತೆ ತರದ ಗಟ್ಟಿ ಚೀಸ್ ಒಳ್ಳೆಯದು, ಸೇಂಟ್ ಮಾರ್ಸೆಲ್ಯಾಂ ದಾರಿಯಲ್ಲೇ ಹರಿದುಹೋಗುತ್ತದೆ. ಎಲ್ಲಕ್ಕಿಂತ ಸುಲಭ ಗುಲಾಬಿ ಪ್ರಾಲಿನ್. ಬರೀ ಬಾದಾಮಿ, ಸಕ್ಕರೆ, ಬಣ್ಣ. ವಾರಗಟ್ಟಲೆ ಕೆಡುವುದಿಲ್ಲ. ಆದರೆ ಪೊಟ್ಟಣ ತಿರುಗಿಸಿ ಬಣ್ಣ ಯಾವುದು ನೋಡಿ. 'ಇ 120' ಅಂತಿದ್ದರೆ ಅದು ಒಂದು ಜಾತಿಯ ಹುಳುವಿನಿಂದ ತೆಗೆದದ್ದು. ಸಸ್ಯಾಹಾರಿಗಳಿಗೆ ಕೊಡುವುದಾದರೆ ಆ ಪೊಟ್ಟಣ ಅಲ್ಲೇ ಇಟ್ಟು, ಗಿಡಮೂಲದ ಬಣ್ಣ ಹಾಕಿದ್ದು ಇದೆಯೇ ಅಂತ ಅಂಗಡಿಯವರನ್ನು ಕೇಳಿ.